ಬಲಕ್ಕೋ ಎಡಕ್ಕೋ: ಕಾಡಿನಲ್ಲಿ ಒಂದು ರೌಂಡು

ನಮ್ಮ ಬೀದಿಯಲ್ಲಿ ಒಬ್ಬ ಯಜಮಾನರಿದ್ದಾರೆ. ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ಮೂವತ್ತು ವರ್ಷ ಲೇತ್ ತಿರುಗಿಸಿ, ಈಗ ಅದನ್ನು ಮಗನ ಕೈಗೆ ಕೊಟ್ಟು, ಬೆಳಗಿನ ಹೊತ್ತು ನನ್ನ ಜೊತೆ ಪಾರ್ಕು ಸುತ್ತುತ್ತಾರೆ. ಆ ಪಾರ್ಕು ಎಷ್ಟು ದೊಡ್ಡದೆಂದರೆ ಅವರು ಒಂದು ರಾಜಕೀಯ ಸುದ್ದಿ ಹೇಳಿ ಮುಗಿಸುವುದರೊಳಗೆ ನಮ್ಮದು ಮೂರು ಸುತ್ತು ಆಗಿರುತ್ತದೆ. ಕಳೆದ ವರ್ಷ ಮಗಳ ಮನೆಗೆಂದು ಆಸ್ಟ್ರೇಲಿಯಾಕ್ಕೆ ಹೋಗಿದ್ದರು. ಬಂದ ಮೇಲೆ ರಾಜಕೀಯ ಹಿಂದೆ ಸರಿದು ಡೇನ್‌ಟ್ರೀ ಮುಂದೆ ಬಂತು.

ಡೇನ್‌ಟ್ರೀ ಅನ್ನುವುದು ಆ ದೇಶದ ಈಶಾನ್ಯ ಮೂಲೆಯಲ್ಲಿರುವ ಮಳೆಕಾಡು, ರಾಷ್ಟ್ರೀಯ ಉದ್ಯಾನ. ಅಲ್ಲಿ ಮಾಸ್‌ಮನ್ ಕಮರಿಯ ಹತ್ತಿರ ಹೊಳೆ ದಾಟಿ ಕಾಡೊಳಗೆ ಹೋಗಿ ಹೊರಟಲ್ಲಿಗೇ ಬಂದು ಸೇರುವ ಒಂದು ಕಾಲುದಾರಿ ಇದೆ. ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಮಂಡಿನೋವಿನ ಹೆಂಡತಿಯನ್ನೂ ಒಂಬತ್ತು ವರ್ಷದ ಮೊಮ್ಮಗಳನ್ನೂ ಕರೆದುಕೊಂಡು ಇವರು ಅದನ್ನು ಸುತ್ತಿ ಬಂದಿದ್ದಾರೆ. ದಾರಿಯಲ್ಲಿ ಗಾರ್ಡಿಲ್ಲ, ಗನ್ನಿಲ್ಲ, ‘ಹೋಗಬೇಡಿ’ ಎಂಬ ಬೋರ್ಡಿಲ್ಲ.

"ಅಲ್ಲಾ ಮೇಷ್ಟ್ರೇ, ಅಷ್ಟು ದೂರ ಹೋಗಿ ಕಾಡಲ್ಲಿ ಒಂದು ರೌಂಡ್ ಹಾಕ್ಕೊಂಡ್ ಬಂದೆ. ಇಲ್ಲೇ ಬನ್ನೇರುಘಟ್ಟ ಇದೆ. ಅದೂ ನ್ಯಾಷನಲ್ ಪಾರ್ಕೇ ತಾನೆ? ಅಲ್ಲಿ ಯಾಕ್ ಬಿಡಲ್ಲ?"

ಪ್ರಶ್ನೆ ನ್ಯಾಯವಾದದ್ದು. ಬಸ್ಸಿನೊಳಗೆ ಕೂತು ಹುಲಿ ನೋಡಿ ಬರುವ ಲಕ್ಷಾಂತರ ಜನರಲ್ಲಿ ಎಷ್ಟು ಮಂದಿಗೆ ಈ ಪ್ರಶ್ನೆ ಬಂದಿದೆಯೋ ಗೊತ್ತಿಲ್ಲ. ಅವರಿಗೆ ನಾನು ಕಂತು ಕಂತಾಗಿ ಕೊಟ್ಟ ಉತ್ತರವನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ.

ಮೊದಲ ತೊಡಕು ‘ಉದ್ಯಾನ’ ಎಂಬ ಪದದ್ದೇ. ನ್ಯಾಷನಲ್ ಪಾರ್ಕ್ ಅನ್ನುವುದನ್ನು ನಾವು ರಾಷ್ಟ್ರೀಯ ಉದ್ಯಾನ ಎಂದು ಕರೆದೆವು. ಉದ್ಯಾನ ಎಂದೊಡನೆ ಕನ್ನಡಿಗನ ಕಣ್ಣಿಗೆ ಬರುವುದು ಲಾಲ್‌ಬಾಗು: ಹೂವಿನ ಮಡಿ, ಕಲ್ಲುಬೆಂಚು, ಕಡಲೆಕಾಯಿ. ಕಾನೂನಿನ ಲೆಕ್ಕ ಇದಕ್ಕೆ ತೀರ ಉಲ್ಟಾ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಾಷ್ಟ್ರೀಯ ಉದ್ಯಾನಕ್ಕೆ ಅಭಯಾರಣ್ಯಕ್ಕಿಂತಲೂ ಬಿಗಿ ಜಾಸ್ತಿ. ಅಭಯಾರಣ್ಯದಲ್ಲಿ ಅನುಮತಿ ಪಡೆದು ದನ ಮೇಯಿಸುವುದಕ್ಕೆ ಜಾಗ ಇರಬಹುದು, ಉದ್ಯಾನದಲ್ಲಿ ಅದೂ ಇಲ್ಲ. ಯಾರು ಒಳಗೆ ಕಾಲಿಡಬಹುದು ಎಂಬುದನ್ನು ಕಾಯ್ದೆಯ 27ನೇ ಸೆಕ್ಷನ್ ಪಟ್ಟಿ ಮಾಡುತ್ತದೆ. ಕರ್ತವ್ಯದ ಮೇಲಿರುವ ಸರ್ಕಾರಿ ನೌಕರ, ಒಳಗೆ ಜಮೀನಿನ ಹಕ್ಕಿರುವವನು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವನು, ಮತ್ತೆ ಪರವಾನಗಿ ಪಡೆದವನು. ಆ ಪರವಾನಗಿ ಯಾವ್ಯಾವುದಕ್ಕೆ ಎಂದು ಮುಂದಿನ ಸೆಕ್ಷನ್ ಹೇಳುತ್ತದೆ. ಅಧ್ಯಯನ, ಫೋಟೋಗ್ರಫಿ, ಸಂಶೋಧನೆ, ಒಳಗಿರುವವರ ಜೊತೆಗಿನ ವ್ಯವಹಾರ, ಹಾಗೆಯೇ ಪ್ರವಾಸ. ಅಭಯಾರಣ್ಯಕ್ಕೆಂದು ಬರೆದ ಈ ಎರಡೂ ಸೆಕ್ಷನ್ನುಗಳು ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯಿಸುತ್ತವೆ ಎಂದು 35ನೆಯದು ಹೇಳಿಬಿಟ್ಟಿದೆ. ಸಫಾರಿ ಟಿಕೆಟ್ಟು ಸಿನಿಮಾ ಟಿಕೆಟ್ಟಿನಂತೆ ಕಂಡರೂ ಅದು ಹಾಗಲ್ಲ. ಇಂಥ ವಾಹನದಲ್ಲಿ, ಇಂಥ ಹಾದಿಯಲ್ಲಿ, ಇಷ್ಟು ಹೊತ್ತು ಎಂದು ಕೊಟ್ಟ ಅನುಮತಿಯ ಚೀಟಿ. ಇಳಿದು ನಡೆಯುವುದಕ್ಕೆ ಬೇರೆಯದೇ ಅನುಮತಿ ಬೇಕು.

"ಕಾನೂನು ಇರ್ಲಿ ಮೇಷ್ಟ್ರೇ, ಅವರ ದೇಶದಲ್ಲಿ ಕಾನೂನಿಲ್ವಾ?"

ಇದೆ. ಆದರೆ ಆ ಕಾಡಿನಲ್ಲಿ ಆನೆ ಇಲ್ಲ. ಚಿರತೆ ಇಲ್ಲ, ಕರಡಿ ಇಲ್ಲ, ಕಾಡೆಮ್ಮೆ ಇಲ್ಲ. ಡೇನ್‌ಟ್ರೀಯಲ್ಲಿ ಹೆದರಬೇಕಾದದ್ದು ತಗ್ಗಿನ ಹೊಳೆಗಳ ಮೊಸಳೆಗೆ, ನೀರಿನ ಅಂಚಿಗೆ ಹೋಗದಿದ್ದರೆ ಅದರ ಗೊಡವೆ ಇಲ್ಲ. ಇನ್ನೊಂದು, ಮನುಷ್ಯನಷ್ಟೇ ಎತ್ತರದ ಕ್ಯಾಸೊವರಿ ಎಂಬ ಹಾರಲಾರದ ಹಕ್ಕಿ. ಅದು ಎದುರಾದರೆ ಓಡಬೇಡಿ, ಮೆಲ್ಲಗೆ ಹಿಂದೆ ಸರಿಯಿರಿ ಎಂದು ಕಲಿಸಿಕೊಟ್ಟರೆ ಸಾಕು. ಆ ಕಾಡಿಗೆ ಯಜಮಾನಿಕೆಯೂ ಇದೆ. ಅಲ್ಲಿನ ಮೂಲನಿವಾಸಿಗಳಾದ ಕುಕು ಯಲಾಂಜಿ ಜನಕ್ಕೆ 2021ರಲ್ಲಿ ಡೇನ್‌ಟ್ರೀಯ ಒಡೆತನವನ್ನು ಮರಳಿ ಕೊಡಲಾಯಿತು. ಈಗ ಸರ್ಕಾರದ ಜೊತೆ ಕೂಡಿ ನೋಡಿಕೊಳ್ಳುವವರು ಅವರೇ. ‘ಗಾರ್ಡಿಲ್ಲ’ ಎಂದು ಯಜಮಾನರು ಹೇಳಿದ್ದು ಕಣ್ಣಿಗೆ ಕಂಡದ್ದರ ಮಾತು. ಕಾಡು ಅನಾಥವಾಗಿ ಬಿದ್ದಿಲ್ಲ.

ನಮ್ಮ ಕಡೆಗೆ ಬನ್ನಿ. 2023ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳು, ದೇಶದ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಬನ್ನೇರುಘಟ್ಟ ಆ ಆನೆ ನಾಡಿನ ಉತ್ತರದ ಬಾಗಿಲು. ದಕ್ಷಿಣಕ್ಕೆ ಕಾವೇರಿ ವನ್ಯಜೀವಿಧಾಮ, ಪಕ್ಕಕ್ಕೆ ತಮಿಳುನಾಡಿನ ಹೊಸೂರು ಕಡೆಯ ಕಾಡು. ಹಿಂಡುಗಳಿಗೆ ಈ ಗಡಿಗಳೆಲ್ಲ ಗೊತ್ತಿಲ್ಲ. ರಾಗಿ ತೆನೆಗಟ್ಟುವ ಹೊತ್ತಿಗೆ ಅವು ಕಾಡಂಚಿಗೆ ಬಂದು ಕಾಯುತ್ತವೆ, ಕತ್ತಲಾದ ಮೇಲೆ ಹೊಲಕ್ಕೆ ಇಳಿಯುತ್ತವೆ. ಆನೇಕಲ್, ಹಾರೋಹಳ್ಳಿ, ಕೋಡಿಹಳ್ಳಿ ಕಡೆಯ ರೈತನಿಗೆ ಕಾಡೆಂದರೆ ವಾಯುವಿಹಾರದ ಜಾಗ ಅಲ್ಲ, ಅಟ್ಟಣೆಯ ಮೇಲೆ ಜಾಗರಣೆ ಕೂರಿಸುವ ನೆರೆಮನೆ.

ಜಾಗದ ಆಕಾರದ ಮಾತೂ ಇದೆ, ನನ್ನ ಮಟ್ಟಿಗೆ ಅದೇ ಮುಖ್ಯ. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಬನ್ನೇರುಘಟ್ಟದ ಈಗಿನ ವಿಸ್ತೀರ್ಣ 260.51 ಚದರ ಕಿಲೋಮೀಟರು. ಅಂಕಿ ದೊಡ್ಡದೇ, ಆದರೆ ನಕ್ಷೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಹರಿದ ಪಂಚೆಯ ಅಂಚಿನಂತೆ ಚಾಚಿಕೊಂಡು, ಕೆಲವೆಡೆ ತೀರ ಕಿರಿದಾಗಿ, ನಡುನಡುವೆ ಊರು ಸಿಕ್ಕಿಸಿಕೊಂಡು ಮಲಗಿದೆ. ಅಗಲವಾದ ಕಾಡಿಗೆ ನಡು ಅನ್ನುವುದು ಇರುತ್ತದೆ, ಪ್ರಾಣಿಗಳು ಅಲ್ಲಿಗೆ ಸರಿದುಕೊಳ್ಳುತ್ತವೆ. ಇಂಥ ಉದ್ದನೆಯ ಕಾಡಿಗೆ ನಡುವೇ ಇಲ್ಲ, ಇರುವುದೆಲ್ಲ ಅಂಚು. ಅದರ ಒಳಗೆ ದಿನವಿಡೀ ಜನ ತಿರುಗುವ ಒಂದು ಸುತ್ತುದಾರಿ ಹಾಕಿದಿರೋ, ಆನೆಗೆ ಸರಿದು ನಿಲ್ಲಲು ಉಳಿಯುವುದು ರಾಗಿ ಹೊಲ ಮಾತ್ರ. ಕಾಡಂಚಿನ ಪರಿಸರ ಸೂಕ್ಷ್ಮ ವಲಯ ಎಂದು 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರು ಗುರುತಿಸಿದ್ದರು. 2020ರಲ್ಲಿ ಅಂತಿಮವಾಗಿ ಹೊರಬಂದ ಅಧಿಸೂಚನೆಯಲ್ಲಿ ಅದು 168.84ಕ್ಕೆ ಇಳಿದಿತ್ತು. ನಿಖರವಾಗಿ ಹೇಳುವುದಾದರೆ 100.12 ಚದರ ಕಿಲೋಮೀಟರು ಕೈಬಿಟ್ಟಿತು. ಕಲ್ಲುಗಣಿ, ಲೇಔಟು, ರೆಸಾರ್ಟುಗಳ ಊರಿನಲ್ಲಿ ಈ ಕಳೆಯುವ ಲೆಕ್ಕ ಯಾಕಾಯಿತು ಎಂದು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಕೇಳಿದ ಮೇಲೆ ಯಜಮಾನರು, "ಹಂಗಾದ್ರೆ ನಮ್ಮಂಥೋರಿಗೆ ಕಾಡು ಇಲ್ಲ ಅನ್ನಿ" ಎಂದರು. ಅದೂ ಸರಿಯಲ್ಲ ಎಂದು ತೋರಿಸಬೇಕಿತ್ತು.

ಮಾಗಡಿ ರಸ್ತೆಯಲ್ಲಿ ಬಸ್ಸು ಹತ್ತಿ ಮೆಜೆಸ್ಟಿಕ್‌ಗೆ ಬಂದು, ಅಲ್ಲಿಂದ 365 ಹಿಡಿದರೆ ನೇರ ಬನ್ನೇರುಘಟ್ಟ. ಬಸ್‌ಸ್ಟ್ಯಾಂಡಿನಲ್ಲಿ ಕಾಯುವಾಗ, ಜೊತೆಗೆ ಬಂದಿದ್ದ ಯಜಮಾನರ ಮೊಮ್ಮಗಳಿಗೆ, ನಾವು ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳ ಎಂದೆ. ಬಗ್ಗಿ ನೆಲ ನೋಡಿದಳು. ನೀರಿನ ಮಾತು ಆಮೇಲೆ ಮತ್ತೆ ಬರುತ್ತದೆ.

ಮೊದಲ ಸಲ ಹೋದದ್ದು ಚಿಟ್ಟೆ ಉದ್ಯಾನಕ್ಕೆ ಮಾತ್ರ. ಮೃಗಾಲಯ, ಸಫಾರಿಗಳಿರುವ ಜೈವಿಕ ಉದ್ಯಾನವನ್ನು 2002ರಲ್ಲಿ ರಾಷ್ಟ್ರೀಯ ಉದ್ಯಾನದಿಂದ ಬೇರೆ ಮಾಡಿದರು. ಅದರಲ್ಲೇ 2006ರಲ್ಲಿ ದೇಶದ ಮೊದಲ ಚಿಟ್ಟೆ ಉದ್ಯಾನ ತೆರೆಯಿತು. ಏಳೂವರೆ ಎಕರೆ. ಗೇಟಿನಿಂದ ಹೊರಟು, ಗಿಡಗಳ ನಡುವಿನ ದಾರಿ ಹಿಡಿದು, ಪಾರದರ್ಶಕ ಚಾವಣಿಯ ಗುಮ್ಮಟದೊಳಗೆ ಚಿಟ್ಟೆಗಳ ಮಧ್ಯೆ ನಡೆದು, ವಸ್ತುಸಂಗ್ರಹಾಲಯ ನೋಡಿ ಹೊರಟಲ್ಲಿಗೇ ಬರಬಹುದು. ಮಂಡಿನೋವಿನವರೂ ಸುತ್ತಬಹುದಾದ ಹಾದಿ. ಅಲ್ಲಿ ನೋಡಬೇಕಾದದ್ದು ಚಿಟ್ಟೆಗಿಂತ ಮೊದಲು ಗಿಡ. ಯಾವ ಚಿಟ್ಟೆ ಯಾವ ಎಲೆಯ ಮೇಲೆ ಮೊಟ್ಟೆ ಇಡುತ್ತದೆ ಎಂಬುದು ಜಾತಿಜಾತಿಗೆ ನಿಗದಿ. ನಮ್ಮ ರಾಜ್ಯದ ಚಿಟ್ಟೆ ಎಂದು ಘೋಷಿಸಿರುವ, ಕಪ್ಪು ರೆಕ್ಕೆಯ ಕೆಳಗೆ ಅರಿಸಿನ ಬಳಿದುಕೊಂಡಂತಿರುವ ದೊಡ್ಡ ಸಹ್ಯಾದ್ರಿ ಚಿಟ್ಟೆಯ ಮರಿ ತಿನ್ನುವುದು ಈಶ್ವರಿ ಬಳ್ಳಿಯ ಜಾತಿಯ ಎಲೆಗಳನ್ನು. ಬಳ್ಳಿ ಕಿತ್ತರೆ ಚಿಟ್ಟೆ ಇಲ್ಲ. ಆದರೂ ಇದು ಬೆಳೆಸಿದ ಜಾಗ. ಯಜಮಾನರ ಮೊಬೈಲು 2,100 ಹೆಜ್ಜೆ ತೋರಿಸಿತು, ಅವರಿಗೆ ಸಮಾಧಾನವಾಗಲಿಲ್ಲ.

ಎರಡನೆಯ ಸಲ, ಡಿಸೆಂಬರಿನಲ್ಲಿ, ಜಂಗಲ್ ಲಾಡ್ಜಸ್‌ನವರ ಪ್ರಕೃತಿ ಶಿಬಿರದಲ್ಲಿ ಒಂದು ರಾತ್ರಿ ಉಳಿದೆವು. ಕಾಡನ್ನು ಕಾಲಿನಿಂದ ನೋಡಲು ಇಲ್ಲಿರುವ ನೇರ ದಾರಿ ಅದೇ. ಉಳಿದವರನ್ನು ಬೆಳಿಗ್ಗೆ ಮಾರ್ಗದರ್ಶಕರು ನಡೆಸಿಕೊಂಡು ಹೋಗುತ್ತಾರೆ. ನಮ್ಮ ಜೊತೆ ಬಂದವರು ಹತ್ತಿರದ ಹಳ್ಳಿಯ ಮಧ್ಯವಯಸ್ಸಿನವರು, ಅವರ ಕೈಯಲ್ಲಿ ಒಂದು ದೊಣ್ಣೆ. ಕಾಡಂಚಿಗೆ ಬಂದು ನಿಂತರು. ಎದುರಿಗೆ ಹಾದಿ ಕವಲಾಗಿತ್ತು, ಎರಡೂ ಒಂದೇ ಸುತ್ತಿನ ಎರಡು ತುದಿಗಳು. ಬಗ್ಗಿ ಒಂದು ಚಿಟಿಕೆ ಒಣ ಮಣ್ಣು ಎತ್ತಿ ಉದುರಿಸಿದರು. ಧೂಳು ಬಲಕ್ಕೆ ತೇಲಿತು.

"ಎಡಕ್ಕೆ ಹೋಗಾಣ ಸಾರ್," ಎಂದರು.

ಯಜಮಾನರಿಗೆ ಕಸಿವಿಸಿ. ಜೀವಮಾನವೆಲ್ಲ ದೇವಸ್ಥಾನಗಳಲ್ಲಿ ಬಲಕ್ಕೆ ಸುತ್ತಿದವರು. ಇಲ್ಲಿ ಪ್ರದಕ್ಷಿಣೆಯ ದಿಕ್ಕನ್ನು ತೀರ್ಮಾನಿಸುವುದು ಗಾಳಿ. ಆನೆಗೆ ಕಣ್ಣು ಅಷ್ಟಕ್ಕಷ್ಟೆ, ಮೂಗು ಮಾತ್ರ ಅಸಾಧ್ಯ. ನಮ್ಮ ಬೆನ್ನ ಹಿಂದಿನಿಂದ ಗಾಳಿ ಬೀಸಿದರೆ ನಮಗಿಂತ ಮೊದಲು ನಮ್ಮ ವಾಸನೆ ಅದನ್ನು ತಲುಪುತ್ತದೆ. ಎದುರುಗಾಳಿಯಾದರೆ ಅದರ ವಾಸನೆ ನಮಗೆ ಬರುತ್ತದೆ, ಆದರೆ ನಾವು ಬಂದದ್ದು ಅದಕ್ಕೆ ತಿಳಿಯುವುದಿಲ್ಲ, ಹತ್ತಿರ ಹೋಗಿ ಬೆಚ್ಚಿಬೀಳಿಸುವ ಅಪಾಯ ಇರುತ್ತದೆ. ಹೀಗಾಗಿ ಎರಡರಲ್ಲೂ ಒಂದೊಂದು ತೊಂದರೆ. ಹೋಗಿ ಅದೇ ದಾರಿಯಲ್ಲಿ ವಾಪಸು ಬರುವ ನಡಿಗೆಯಲ್ಲಿ ಆಯ್ಕೆಯೇ ಇಲ್ಲ. ಸುತ್ತುದಾರಿಯಲ್ಲಿ ಇದೆ: ಪೊದೆ ದಟ್ಟವಾಗಿ ಎದುರಿನದು ಕಾಣದ ಕಡೆ ಗಾಳಿ ನಮ್ಮ ಬೆನ್ನಿಗಿರಲಿ, ಅವು ವಾಸನೆ ಹಿಡಿದು ತಾವೇ ಸರಿದುಕೊಳ್ಳಲಿ. ಬಯಲಾಗಿ ದೂರಕ್ಕೆ ಕಾಣುವ ಕಡೆ ಎದುರುಗಾಳಿ ಇದ್ದರೂ ನಡೆಯುತ್ತದೆ, ಕಣ್ಣಿದೆಯಲ್ಲ. ಇದು ಆ ಮನುಷ್ಯ ಹೇಳಿದ ಲೆಕ್ಕ. ಆಸ್ಟ್ರೇಲಿಯಾದ ಬೋರ್ಡಿನಲ್ಲಿ ಬಾಣದ ಗುರುತು ಇತ್ತು, ಇಲ್ಲಿ ಆ ಬಾಣ ಈ ಮನುಷ್ಯನ ತಲೆಯೊಳಗಿದೆ ಮತ್ತು ದಿನಾ ಬೆಳಿಗ್ಗೆ ತಿರುಗುತ್ತದೆ.

ನಡೆದದ್ದು ಮೂರು ಕಿಲೋಮೀಟರು ಇದ್ದೀತು. ಹಿಡಿದದ್ದು ಎರಡೂವರೆ ಗಂಟೆ. ಮೊದಲ ಅರ್ಧ ಗಂಟೆ ಯಜಮಾನರು ಪಾರ್ಕಿನ ವೇಗದಲ್ಲೇ ಹೆಜ್ಜೆ ಹಾಕಿ, ಎರಡು ಸಲ ಮುಂದಿನವರ ಬೆನ್ನಿಗೆ ಡಿಕ್ಕಿ ಹೊಡೆದರು. ಸುಲಭದ ನಡಿಗೆ ಎಂದರೆ ಏರಿಲ್ಲದ ನಡಿಗೆ ಎಂದಷ್ಟೇ ನಾವು ತಿಳಿದಿರುತ್ತೇವೆ. ಕಾಡಿನಲ್ಲಿ ಅದಕ್ಕೆ ನಿಲ್ಲುವುದು ಹೆಚ್ಚು, ನಡೆಯುವುದು ಕಡಿಮೆ ಎಂಬ ಅರ್ಥವೂ ಇದೆ.

ನಿಂತಾಗ ಏನು ಕಾಣುತ್ತದೆ? ಬನ್ನೇರುಘಟ್ಟದ್ದು ಮಲೆನಾಡಿನ ಕಾಡಲ್ಲ. ಎಲೆ ಉದುರಿಸುವ ಒಣ ಕಾಡು, ನಡುನಡುವೆ ಕುರುಚಲು. ಸಿನಿಮಾದ ಹಸಿರು ನಿರೀಕ್ಷಿಸಿ ಹೋದವರು ಮೂತಿ ಸಪ್ಪಗೆ ಮಾಡಿಕೊಂಡು ಬರುತ್ತಾರೆ. ಈ ಕಾಡನ್ನು ಎಲೆಯಿಂದಲ್ಲ, ತೊಗಟೆಯಿಂದ ಓದಬೇಕು. ನುಣ್ಣಗೆ ಬೂದಿ ಬಳಿದಂತೆ ಬೆಳ್ಳಗಿರುವುದು ದಿಂಡಿಗ, ಚಳಿಗಾಲ ಬಂದರೆ ಅದರ ಎಲೆ ತಾಮ್ರಕ್ಕೆ ತಿರುಗುತ್ತದೆ. ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಒಡೆದಿರುವುದು ಮತ್ತಿ. ಬೇಸಿಗೆಯಲ್ಲಿ ಕೆಲವು ಮತ್ತಿ ಮರಗಳು ಕಾಂಡದಲ್ಲಿ ನೀರು ತುಂಬಿಕೊಂಡಿರುತ್ತವೆ. ಗಾಯವಾದರೆ ರಕ್ತದಂಥ ಅಂಟು ಸುರಿಸುವುದು ಹೊನ್ನೆ. ಅದರ ಕಾಯಿ ಪುಟ್ಟ ಹಪ್ಪಳದಂತೆ, ನಡುವೆ ಬೀಜ, ಸುತ್ತ ರೆಕ್ಕೆ. ಮೊಮ್ಮಗಳು ಒಂದು ಎತ್ತಿ ಗಾಳಿಗೆ ಬಿಟ್ಟಳು, ಮಾರ್ಗದರ್ಶಕರು ಅದನ್ನೂ ನೋಡಿದರು, ಅವರಿಗೆ ಅದೂ ಗಾಳಿಯ ಸುದ್ದಿಯೇ. ಜಾಲಾರಿ, ಕಗ್ಗಲಿ, ಚುಜ್ಜಲು, ನೆಲ್ಲಿ, ಕಕ್ಕೆ. ಮುತ್ತುಗ ಕೂಡ ಇತ್ತು, ಅದು ಕೆಂಪಗೆ ಉರಿಯಬೇಕಾದರೆ ಇನ್ನೂ ಎರಡು ತಿಂಗಳು ಕಾಯಬೇಕು. "ಇದರ ಎಲೇಲೇ ಅಲ್ವಾ ನಮ್ಮೂರ ಮದುವೇಲಿ ಊಟ ಹಾಕ್ತಿದ್ದದ್ದು?" ಎಂದು ಯಜಮಾನರು ಎಲೆ ಸವರಿದರು. ಕಾಮಾಕ್ಷಿಪಾಳ್ಯದ ಶೆಡ್ಡುಗಳಿಗೆ ಕೆಲಸ ಹುಡುಕಿಕೊಂಡು ಬಂದವರೆಲ್ಲ ಹಳ್ಳಿಯಿಂದ ಬಂದವರೇ. ಕಾಡು ಅವರಿಗೆ ಹೊಸದಲ್ಲ, ಮರೆತದ್ದು ಅಷ್ಟೆ.

ಮರಗಳ ನಡುವೆ ಲಂಟಾನ. ಅದನ್ನು ನೋಡದೆ ಈಚೆಗೆ ನಮ್ಮ ಯಾವ ಒಣ ಕಾಡಿನಲ್ಲೂ ನಡೆಯಲಾಗದು. ಹೂವು ಚೆಂದ ಎಂದು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ತಂದು ತೋಟದಲ್ಲಿ ನೆಟ್ಟದ್ದು ಬೇಲಿ ಹಾರಿ ಕಾಡನ್ನೇ ನುಂಗಿತು. ಹಕ್ಕಿ ಹಣ್ಣು ತಿಂದು ಬೀಜ ಹರಡುತ್ತದೆ, ದಟ್ಟವಾಗಿ ಹೆಣೆದುಕೊಂಡು ಹುಲ್ಲಿಗೆ ಬಿಸಿಲು ಬಿಡುವುದಿಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆಗೆ ಮೇವಿಲ್ಲ, ಬೆಂಕಿ ಬಿದ್ದರೆ ಇದೇ ಕೊಳ್ಳಿ. ನಡೆಯುವವನಿಗೆ ಇನ್ನೊಂದು ಕಷ್ಟ: ಎರಡು ಮಾರು ದೂರದಲ್ಲಿ ಆನೆ ನಿಂತಿದ್ದರೂ ಕಾಣದು. 2024ರ ಆರಂಭದಲ್ಲಿ ಲಾಲ್‌ಬಾಗಿನಲ್ಲಿ ಆಳೆತ್ತರ ಮೀರಿದ ಆನೆಗಳ ಹಿಂಡೊಂದು ನಿಂತಿತ್ತು, ಜನ ಸಾಲುಗಟ್ಟಿ ಸೆಲ್ಫಿ ತೆಗೆದುಕೊಂಡರು. ನೀಲಗಿರಿ ಕಡೆಯ ಆದಿವಾಸಿಗಳು ಈ ಲಂಟಾನದ ಕಡ್ಡಿಯಲ್ಲೇ ಹೆಣೆದ ಆನೆಗಳವು. ಅಲ್ಲಿ ಲಂಟಾನದಿಂದ ಆನೆ ಕಂಡಿತು, ಇಲ್ಲಿ ಲಂಟಾನದಿಂದಾಗಿಯೇ ಕಾಣುವುದಿಲ್ಲ.

ಆನೆ ನಮಗೆ ಕಾಣಲಿಲ್ಲ, ಲದ್ದಿ ಕಂಡಿತು. ಮಾರ್ಗದರ್ಶಕರು ಅಂಗೈ ಹತ್ತಿರ ಹಿಡಿದು, "ರಾತ್ರೀದು, ಬಿಸಿ ಆರೈತೆ" ಎಂದರು. ದೊಡ್ಡ ಆನೆ ದಿನಕ್ಕೆ ನೂರೈವತ್ತು ಕಿಲೋ ತನಕ ಮೇಯುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜೀರ್ಣವಾಗದೆ ಹಾಗೆಯೇ ಹೊರಬೀಳುತ್ತದೆ. ದೊಣ್ಣೆಯಿಂದ ಕೆದಕಿದಾಗ ಬಿದಿರಿನ ನಾರಿನ ನಡುವೆ ರಾಗಿಯ ಕಾಳು, ಕೆಲವು ಮೊಳಕೆ ಒಡೆಯಲು ಸಿದ್ಧ. ಯಾರದೋ ಹೊಲ ಅದು. ಮೊಮ್ಮಗಳು ಮೂಗು ಮುಚ್ಚಿಕೊಂಡವಳು ಬೆರಳು ಸಡಿಲಿಸಿ, "ವಾಸನೆ ಅಷ್ಟೇನಿಲ್ಲ ತಾತ," ಎಂದಳು. ಇಲ್ಲವೇ ಇಲ್ಲ, ಹುಲ್ಲು ನೆನೆದ ವಾಸನೆ. ನಮ್ಮ ರಾಜಕಾಲುವೆಗೆ ಹೋಲಿಸಿದರೆ ಗಂಧ.

ಅಲ್ಲಿಂದ ಮುಂದೆ ಸಣ್ಣ ತೊರೆ. ನೀರು ಕಾಲು ಮುಳುಗುವಷ್ಟೇ, ತಳದ ಮರಳು ಕಾಣುತ್ತಿತ್ತು. ಈ ಕಾಡಿನ ಹೊಳೆ ಸುವರ್ಣಮುಖಿ. ಬನ್ನೇರುಘಟ್ಟದ ಚಂಪಕಧಾಮಸ್ವಾಮಿ ದೇವಸ್ಥಾನಕ್ಕೆ ಬಂದವರು ಕೆಲವರು ಈ ಹೊಳೆಯ ಹೆಸರಿನದೇ ಕಲ್ಯಾಣಿಗೂ ಹೋಗಿ ಮಿಂದು ಬರುತ್ತಾರೆ. ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಜಮಾನರು ಕೇಳಿದರು. ಹೇಳಲೋ ಬೇಡವೋ ಎನಿಸಿತು. ಕಾಡಿನಿಂದ ಇಳಿದು ಕನಕಪುರದ ಕಡೆ ಹರಿಯುತ್ತದೆ, ಅಲ್ಲಿ ವೃಷಭಾವತಿ ಇದಕ್ಕೆ ಕೂಡಿಕೊಳ್ಳುತ್ತದೆ, ಅರ್ಕಾವತಿಯ ದಾರಿಯಲ್ಲಿ ಸಂಗಮಕ್ಕೆ ಹೋಗಿ ಕಾವೇರಿ ಸೇರುತ್ತದೆ ಎಂದೆ. ವೃಷಭಾವತಿ ಎಂದರೆ ನಮ್ಮದೇ. ಮಲ್ಲೇಶ್ವರದ ಕಾಡು ಮಲ್ಲೇಶ್ವರನ ಎದುರು ನಂದಿಯ ಬಾಯಿಂದ ಹುಟ್ಟುತ್ತದೆ ಎಂದು ಜನ ನಂಬಿರುವ ನದಿ, ರಾಜಾಜಿನಗರದಿಂದ ಕೆಂಗೇರಿಯವರೆಗೆ ಇಡೀ ಪಶ್ಚಿಮ ಬೆಂಗಳೂರಿನ ಬಚ್ಚಲನ್ನೂ ಕಾರ್ಖಾನೆಗಳ ಹೊಲಸನ್ನೂ ಹೊತ್ತು, ಬಿಡದಿ ದಾಟುವ ಹೊತ್ತಿಗೆ ಬೈರಮಂಗಲ ಕೆರೆಯಲ್ಲಿ ನೊರೆ ಕಾರುತ್ತದೆ. ಕಾಮಾಕ್ಷಿಪಾಳ್ಯದ ಚರಂಡಿಗಳ ಇಳಿಜಾರೂ ಅತ್ತಲೇ.

ಯಜಮಾನರು ನೀರಿಗೆ ಕೈ ಅದ್ದಿ ಹಾಗೆಯೇ ಕೂತಿದ್ದರು. "ಮೂವತ್ತು ವರ್ಷದ ಕೂಲೆಂಟ್ ಎಣ್ಣೆ ಮೇಷ್ಟ್ರೇ," ಎಂದರು ಕೊನೆಗೆ. "ಮೋರಿಗೆ ಬಿಟ್ಟೆ, ಹೋಯ್ತು ಅಂದ್ಕೊಂಡಿದ್ದೆ."

ಅಲ್ಲಿಂದ ಶಿಬಿರದವರೆಗೆ ಅವರು ಹೆಜ್ಜೆಯ ಲೆಕ್ಕ ನೋಡಲಿಲ್ಲ.

ಈಗ ನನ್ನ ಅಭಿಪ್ರಾಯ. ಬನ್ನೇರುಘಟ್ಟದಲ್ಲಿ ಯಾರು ಬೇಕಾದರೂ ಹೋಗಿ ಬರುವ ಸುತ್ತುದಾರಿ ಬೇಡವೇ ಬೇಡ. ಏನಾಗುತ್ತದೆ ಎಂಬುದನ್ನು 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಹಾದಿ ತೋರಿಸಿಕೊಟ್ಟಿತು. ಪುಷ್ಪಗಿರಿ ಅಭಯಾರಣ್ಯದ ಆ ಕಾಲುದಾರಿಯಲ್ಲಿ ಜಾತ್ರೆಯ ನೂಕುನುಗ್ಗಲು. ಚಿತ್ರಗಳು ಹರಿದಾಡಿದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣ ತೆರೆದು, ಒಂದು ಚಾರಣಪಥಕ್ಕೆ ದಿನಕ್ಕೆ 300 ಮಂದಿ ಎಂದು ಮಿತಿ ಹಾಕಿತು. ಒಳ್ಳೆಯ ಕೆಲಸ. ಆದರೆ ಅಲ್ಲಿರುವುದೆಲ್ಲ ಬಹುಪಾಲು ಬೆಟ್ಟ ಹತ್ತುವ ಗಟ್ಟಿ ಕಾಲಿನವರ ಹಾದಿ. ಅರವತ್ತು ದಾಟಿದವರಿಗೆ, ಮಕ್ಕಳಿಗೆ, ಮಂಡಿ ನೋಯುವವರಿಗೆ ಇರುವುದು ಬಸ್ಸಿನ ಕಿಟಕಿ. ಆ ಕಿಟಕಿಯಿಂದ ಹುಲಿ ಕಾಣುತ್ತದೆ, ದಿಂಡಿಗ ಕಾಣುವುದಿಲ್ಲ.

ಆಗದ ಮಾತೇನಲ್ಲ. ಪಕ್ಕದ ಕೇರಳದ ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ವರ್ಷಗಳಿಂದ ಕಾಲ್ನಡಿಗೆಯ ಪ್ರವಾಸ ನಡೆಯುತ್ತಿದೆ. ಕರೆದೊಯ್ಯುವವರಲ್ಲಿ ಒಂದು ಕಾಲಕ್ಕೆ ಅದೇ ಕಾಡಿನಲ್ಲಿ ಮರದ ತೊಗಟೆ ಕದ್ದು ಸಾಗಿಸುತ್ತಿದ್ದವರೂ ಇದ್ದಾರೆ, ಅವರಿಗಿಂತ ಚೆನ್ನಾಗಿ ಹಾದಿ ಬಲ್ಲವರು ಯಾರು? ನಮ್ಮಲ್ಲೂ ಕಾಡಿನ ಒಡಲನ್ನು ಮುಟ್ಟದೆ, ಪ್ರವಾಸಿಗರು ಈಗಾಗಲೇ ಓಡಾಡುತ್ತಿರುವ ಅಂಚಿನಲ್ಲೇ, ಎರಡು ಕಿಲೋಮೀಟರಿನ ಒಂದು ಸುತ್ತು ಸಾಕು. ಹತ್ತು ಜನಕ್ಕೆ ಒಬ್ಬ ಸ್ಥಳೀಯ ಮಾರ್ಗದರ್ಶಕ, ದಿನಕ್ಕೆ ಬೆಳಿಗ್ಗೆ ನಾಲ್ಕೇ ತಂಡ, ಸಫಾರಿಯಷ್ಟೇ ದರ. ಆನೆ ಬಂದಿದ್ದರೆ ಅವತ್ತು ನಡಿಗೆ ಇಲ್ಲ, ದುಡ್ಡು ವಾಪಸು. ಬೆಂಕಿಯ ಕಾಲವಾದ ಫೆಬ್ರುವರಿಯಿಂದ ಮಳೆ ಬೀಳುವವರೆಗೆ ಬಂದ್. ರಾಗಿ ಕಳೆದುಕೊಂಡ ಹಳ್ಳಿಗಳ ಹುಡುಗರಿಗೆ ಅದರಿಂದ ನಾಲ್ಕು ಕಾಸು ಸಿಕ್ಕರೆ ಆನೆಯ ಮೇಲಿನ ಸಿಟ್ಟೂ ಒಂದಿಷ್ಟು ಇಳಿದೀತು.

ಒಂದು ಭಯವಿದೆ. ‘ಸುಲಭ’ ಎಂಬ ಮಾತು ಗುತ್ತಿಗೆದಾರರ ಕಿವಿಗೆ ಬಿದ್ದರೆ ಅದು ಇಂಟರ್‌ಲಾಕ್ ಟೈಲ್ಸು, ಸಿಮೆಂಟಿನ ಜಿರಾಫೆ, ಬಣ್ಣದ ಕಮಾನು ಆಗಿಬಿಡುತ್ತದೆ. ಕನಕಪುರ ರಸ್ತೆಯ ಪಕ್ಕದ ತುರಹಳ್ಳಿ ಕಾಡನ್ನು 2021ರಲ್ಲಿ ವೃಕ್ಷೋದ್ಯಾನ ಮಾಡಹೊರಟಾಗ ಸುತ್ತಲಿನ ಜನ ಬೀದಿಗಿಳಿದು ತಡೆದರು. ಅವರು ಕೇಳಿದ್ದು ಇಷ್ಟೇ: ಕಾಡಿಗೆ ಮತ್ತೆ ಪಾರ್ಕಿನ ವೇಷ ಯಾಕೆ? ಮಣ್ಣಿನ ದಾರಿ, ಬಿದ್ದ ಮರವನ್ನು ಅಲ್ಲಿಯೇ ಬಿಡುವ ಧೈರ್ಯ, ಕೂರಲು ಇರುವ ಬಂಡೆ, ಇಷ್ಟಿದ್ದರೆ ನಡಿಗೆ ಸುಲಭವಾಗುತ್ತದೆ.

ಅಲ್ಲಿಯವರೆಗೆ ನಮ್ಮ ಭಾಗದವರಿಗೆ ಅಭ್ಯಾಸದ ಅಂಗಳ ಹತ್ತಿರದಲ್ಲೇ ಇದೆ, ಜ್ಞಾನಭಾರತಿ. ಬೆಂಗಳೂರು ವಿಶ್ವವಿದ್ಯಾಲಯದ ಸಾವಿರ ಎಕರೆ ಮೀರಿದ ಆವರಣದಲ್ಲಿ ಜೈವಿಕ ವನ ಬೆಳೆಸಿದ್ದಾರೆ, ಆನೆಯ ಭಯವಿಲ್ಲ, ನವಿಲು ಕೂಗುತ್ತದೆ, ಹರಟೆಮಲ್ಲಗಳು ಹಿಂಡಾಗಿ ಜಗಳವಾಡುತ್ತವೆ. ಯಜಮಾನರು ಈಗ ಭಾನುವಾರ ಅಲ್ಲಿಗೆ ಬರುತ್ತಾರೆ. ಮೂಲೆ ಸಿಕ್ಕಾಗ ಒಂದು ಚಿಟಿಕೆ ಮಣ್ಣು ಎತ್ತಿ ಉದುರಿಸುತ್ತಾರೆ, ಆಮೇಲೆ ಬಲಕ್ಕೇ ಹೋಗುತ್ತಾರೆ. ಶೆಡ್ಡಿನಲ್ಲಿ ಬಳಸಿದ ಎಣ್ಣೆಗೆ ಎರಡು ಡ್ರಮ್ ಇಡಿಸಿ, ತುಂಬಿದ ಮೇಲೆ ಶುದ್ಧೀಕರಿಸುವವರಿಗೆ ಕೊಡು ಎಂದು ಮಗನಿಗೆ ತಾಕೀತು ಮಾಡಿದ್ದಾರಂತೆ. ಮಗ ಬೈದುಕೊಂಡೇ ಇಟ್ಟಿದ್ದಾನೆ.

ಬನ್ನೇರುಘಟ್ಟಕ್ಕೆ ಹೊರಡುವವರಿಗೆ ಕೊನೆಯದಾಗಿ ಎರಡು ಮಾತು. ಕೆಂಪು, ಬಿಳಿ ಅಂಗಿ ಬೇಡ, ಮಣ್ಣಿನ ಬಣ್ಣದ್ದಿರಲಿ. ಸೆಂಟು ಮನೆಯಲ್ಲಿರಲಿ. ಪೂರ್ತಿ ಕಾಲು ಮುಚ್ಚುವ ಬಟ್ಟೆ ಹಾಕಿ, ಬಂದ ಮೇಲೆ ಉಣ್ಣೆ ಹತ್ತಿದೆಯೇ ನೋಡಿಕೊಳ್ಳಿ. ಕಾಮಾಕ್ಷಿಪಾಳ್ಯದ ಶೆಡ್ಡುಗಳಿಗೆ ರಜೆ ಭಾನುವಾರ, ಅವತ್ತು ಇಡೀ ಬೆಂಗಳೂರಿಗೂ ರಜೆ, ಗೇಟಿನಲ್ಲಿ ಕ್ಯೂ. ಆದಷ್ಟು ನಡುವಾರದಲ್ಲಿ ಹೋಗಿ. ಮಂಗಳವಾರ ಮಾತ್ರ ಬೇಡ, ಅವತ್ತು ಜೈವಿಕ ಉದ್ಯಾನಕ್ಕೆ ವಾರದ ರಜೆ.